ಕಾಣದ ಕೊಂಡಿ

ಭೂಮಿಯ ವ್ಯಾಜ್ಯವು ಒಮ್ಮೆ ಮನೆಯನ್ನು ಹೊಕ್ಕರೆ ಎರಡು ತಲೆಮಾರು ಕಳೆದರೂ ಹೊರಡದೆಂಬುದನ್ನು ಗೃಹಸ್ಥರಾದ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ಆದಕಾರಣ ಅಳತೆಯ ಸಾಧನವು ಕೆಟ್ಟರೆ ಅದು ಅಳೆಯುವವನೊಬ್ಬನ ಕಷ್ಟವಾಗಿ ಉಳಿಯುವುದಿಲ್ಲ. ಹಿಂದೆ ಮೋಜಣಿದಾರರು ೩೩ ಅಡಿಯ ಸರಪಳಿಯನ್ನು ಎಳೆಯುತ್ತಿದ್ದರು. ಅದರ ಉದ್ದಗಲದ ಚೌಕವೇ ಒಂದು ಗುಂಟೆ, ಅಂಥ ೪೦ ಗುಂಟೆಗಳೇ ಒಂದು ಎಕರೆ. ಸರಪಳಿಯ ಕೊಂಡಿ ಕಳಚಿದರೆ ಸುತ್ತ ನಿಂತವರಿಗೆಲ್ಲ ಕಾಣುತ್ತಿತ್ತು. ೧೮೦೮ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಏರಿಸುವಾಗ ಲ್ಯಾಂಬ್ಟನ್ ಸಾಹೇಬರ ಮಹಾ ಥಿಯೋಡೊಲೈಟು ಗೋಡೆಗೆ ಬಡಿದು ಜಖಂ ಆಯಿತು. ಅದರ ಸೊಟ್ಟವೂ ಕಣ್ಣಿಗೆ ಕಾಣುವಂಥದೇ ಆಗಿದ್ದಿತು. ಈಗಿನ ಯಂತ್ರದ ಕೊಂಡಿಯಾದರೋ ಕಾಣುವುದೂ ಇಲ್ಲ, ಕೈಗೆ ಸಿಕ್ಕುವುದೂ ಇಲ್ಲ.

ರೋಬೋಟಿಕ್ ಟೋಟಲ್ ಸ್ಟೇಷನ್ ಎಂಬ ಈ ಯಂತ್ರವು ಮುಕ್ಕಾಲಿಯ ಮೇಲೆ ಕುಳಿತು, ಮನುಷ್ಯನು ಹಿಡಿದು ನಡೆಯುವ ಕೋಲಿನ ತುದಿಯ ಪ್ರಿಸಮ್ಮನ್ನು ತಾನೇ ತಿರುತಿರುಗಿ ನೋಡುತ್ತಿರುವುದು. ಆದುದರಿಂದ ಒಬ್ಬನೇ ಮನುಷ್ಯನು ಇಡೀ ತೋಟವನ್ನು ಅಳೆಯಬಲ್ಲನು. ಇವರಿಬ್ಬರ ನಡುವೆ ಇರುವ ಸಂಬಂಧಗಳು ಎರಡು. ಮೊದಲನೆಯದು ಬೆಳಕಿನ ಸಂಬಂಧ. ಯಂತ್ರವು ಬಿಟ್ಟ ಕಿರಣವು ಪ್ರಿಸಮ್ಮಿನಿಂದ ಹಿಂದಿರುಗಬೇಕು. ಎರಡನೆಯದು ರೇಡಿಯೋ ಸಂಬಂಧ. ಕೈಯಲ್ಲಿರುವ ಫಲಕದ ಆಜ್ಞೆಯು ಯಂತ್ರಕ್ಕೆ ಮುಟ್ಟಬೇಕು. ಒಂದು ಕಣ್ಣು, ಇನ್ನೊಂದು ಕಿವಿ ಎಂದುಕೊಳ್ಳಬಹುದು. ಯಂತ್ರವು ಸುಮ್ಮನಾದಾಗ ಕುರುಡಾಯಿತೋ ಕಿವುಡಾಯಿತೋ ಎಂಬುದೇ ಮೊದಲ ಪ್ರಶ್ನೆ. ಯಂತ್ರದ ಬ್ಯಾಟರಿಯ ಮಟ್ಟವೂ ಕೋನಗಳೂ ಫಲಕದಲ್ಲಿ ಇನ್ನೂ ಬರುತ್ತಿದ್ದರೆ ಕಿವಿಯು ನೆಟ್ಟಗಿದೆ. ಅಡ್ಡವಾದ ಕೊಂಬೆಯನ್ನೋ, ಪ್ರಿಸಮ್ಮಿನ ಮೇಲಿನ ಧೂಳನ್ನೋ, ಯಂತ್ರವನ್ನು ಮೋಸಗೊಳಿಸುವ ಹೊಳೆಯುವ ತಗಡನ್ನೋ ಹುಡುಕಬೇಕು. ಅವು ಬರದಿದ್ದರೆ ದೋಷವು ರೇಡಿಯೋವಿನದು.

ನಮ್ಮ ತಮ್ಮನ ಮಗನು ಈ ವೃತ್ತಿಯವನು. ಅಣ್ಣತಮ್ಮಂದಿರ ಅಡಕೆಯ ತೋಟವೊಂದನ್ನು ಪಾಲು ಮಾಡಲು ಹೋದಾಗ ನಾವೂ ಜೊತೆಯಲ್ಲಿದ್ದೆವು. ನಡುಹಗಲಿನಲ್ಲಿ ಯಂತ್ರವು ಆಜ್ಞೆಯನ್ನು ಕೇಳದೆ ಹೋಯಿತು. ಹುಡುಗನು ಅವಸರದಿಂದ ಬ್ಯಾಟರಿ ಬದಲಾಯಿಸಿ, ಯಂತ್ರವನ್ನು ಆರಿಸಿ ಹಚ್ಚಿ, ಎರಡೂ ಕಡೆಯ ಜೋಡಣೆಯನ್ನು ಅಳಿಸಿ ಹೊಸದಾಗಿ ಮಾಡಿದನು. ಯಂತ್ರವು ನಡೆಯಿತು, ಅರ್ಧ ಗಳಿಗೆಯಲ್ಲಿ ಮತ್ತೆ ನಿಂತಿತು. ತಮ್ಮನು ಅಣ್ಣನ ಮುಖವನ್ನು ನೋಡಿದನು. ಇಬ್ಬರೂ ಹುಡುಗನ ಮುಖವನ್ನು ನೋಡಿದರು. ಆ ನೋಟದಲ್ಲಿ ಸಂಶಯವಿದ್ದಿತು.

“ಯಾವುದರಿಂದ ಸರಿಹೋಯಿತಪ್ಪಾ?” ಎಂದು ನಾವು ಕೇಳಿದೆವು. “ಗೊತ್ತಿಲ್ಲ, ದೊಡ್ಡಪ್ಪ, ಎಲ್ಲವನ್ನೂ ಒಟ್ಟಿಗೇ ಮಾಡಿದೆ” ಎಂದನು.

ನ್ಯಾಯಶಾಸ್ತ್ರದವರು ಕಾರಣವನ್ನು ಅನ್ವಯ ವ್ಯತಿರೇಕಗಳಿಂದ ನಿಶ್ಚಯಿಸುವರು: ಯಾವುದಿದ್ದರೆ ಕಾರ್ಯವು ಇರುವುದೋ, ಯಾವುದಿಲ್ಲದಿದ್ದರೆ ಇಲ್ಲವೋ, ಅದೇ ಕಾರಣ. ನಾಲ್ಕನ್ನು ಒಮ್ಮೆಗೇ ಬದಲಿಸಿದವನಿಗೆ ಈ ನಿಶ್ಚಯವು ದೊರಕದು. ಹುಡುಗನು ಇದನ್ನು ಹೇಳಿಸಿಕೊಳ್ಳುವ ಮೊದಲೇ ಅರಿತು, ಫಲಕವನ್ನು ಯಂತ್ರದ ಪಕ್ಕಕ್ಕೆ ತಂದನು, ಮಾತು ನಡೆಯಿತು. ಹಾಗಾದರೆ ಜೋಡಣೆಯೂ ಚಾನೆಲ್ ಸಂಖ್ಯೆಯೂ ನಿರ್ದೋಷ. ದೂರ ಹೋದನು; ಮಾತು ನಿಂತಿತು. ಫಲಕವನ್ನು ಮೈಯಿಂದ ದೂರವಾಗಿ, ತಲೆಗಿಂತ ಎತ್ತರಕ್ಕೆ ಹಿಡಿದನು. ಮನುಷ್ಯನ ದೇಹವೂ ಹಸಿಯೆಲೆಗಳೂ ಈ ಅಲೆಗಳನ್ನು ಹೀರುವುವಷ್ಟೆ. ಪ್ರಯೋಜನವಾಗಲಿಲ್ಲ. ಹತ್ತಿರದ ಮನೆಯ ವೈಫೈ ಅದೇ ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಮಾಡುವುದುಂಟೆಂದು ಚಾನೆಲ್ಲನ್ನು ಮಾತ್ರ ಬದಲಿಸಿ ನೋಡಿದನು. ಅದೂ ಅಲ್ಲ. ಕೊನೆಗೆ ಯಂತ್ರದ ಆಂಟೆನಾವನ್ನು ಮುಟ್ಟಿದನು, ತಿರುಪು ಸಡಿಲವಾಗಿದ್ದಿತು. ಅದನ್ನು ಬಿಗಿದೊಡನೆ ತೋಟದ ಕೊನೆಯ ಮರದವರೆಗೂ ಆಜ್ಞೆಯು ನಡೆಯಿತು.

ಇಲ್ಲಿಗೆ ಕಥೆಯು ಮುಗಿಯಿತೆಂದು ತೋಟದವರು ಭಾವಿಸಿದರು. ಹುಡುಗನು ಮಾತ್ರ ಮುಂದಿನ ಕಲ್ಲಿಗೆ ಹೋಗದೆ, ಬೆಳಗ್ಗೆ ಮೊದಲು ನೋಡಿದ ಬಾಂದುಕಲ್ಲಿಗೆ ಯಂತ್ರವನ್ನು ತಿರುಗಿಸಿದನು. ಕೋನವು ೨೦ ವಿಕಲೆ ಬೇರೆಯಾಗಿ ಬಂದಿತು. ಗುಂಡಿಗಳನ್ನು ಒತ್ತುವ, ತಿರುಪನ್ನು ಬಿಗಿಯುವ ಗಡಿಬಿಡಿಯಲ್ಲಿ ಮುಕ್ಕಾಲಿಯ ಒಂದು ಕಾಲು ಮೆತ್ತನೆಯ ಮಣ್ಣಿನಲ್ಲಿ ಇಳಿದಿದ್ದಿತು. ೨೦ ವಿಕಲೆಯೆಂದರೆ ೧೦೦ ಮೀಟರಿಗೆ ಸುಮಾರು ಒಂದು ಸೆಂಟಿಮೀಟರು. ಅಲ್ಪವೆನ್ನಬಹುದು, ಆದರೆ ಇಳಿಯುತ್ತಿರುವ ಕಾಲು ಅಷ್ಟಕ್ಕೇ ನಿಲ್ಲುವುದೆಂಬ ಭರವಸೆಯುಂಟೇ? ಅವನು ಮುಕ್ಕಾಲಿಯನ್ನು ಗಟ್ಟಿ ನೆಲಕ್ಕೆ ಊರಿ, ಮಟ್ಟ ಮಾಡಿ, ಹಳೆಯ ಕಲ್ಲನ್ನು ಪುನಃ ನೋಡಿ, ಯಂತ್ರವು ನಿಂತ ಬಳಿಕ ಅಳೆದ ಬಿಂದುಗಳನ್ನು ಮತ್ತೆ ಅಳೆದನು. ಸಂಜೆಯಾಯಿತು. ಅಣ್ಣತಮ್ಮಂದಿರು ಒಂದೇ ಕಾಗದವನ್ನು ನೋಡಿ ತಲೆದೂಗಿದರು.

ಸಂಬಂಧವು ಮರಳಿದುದು ಬೇರೆ, ಅಳತೆಯು ಸತ್ಯವಾದುದು ಬೇರೆ. ವಾಚಕರ ಹೊಲದಲ್ಲಿಯೂ ಇಂಥ ಯಂತ್ರವು ಒಂದು ದಿನ ಮೌನವಾಗಬಹುದು. ಆಗ ಅಳೆಯುವವರನ್ನು ಅವಸರಪಡಿಸಬಾರದು. ಸಂಶಯದಿಂದ ನೋಡಲೂ ಬಾರದು. ಯಂತ್ರವು ಪುನಃ ನಡೆದ ಮೇಲೆ “ಹಳೆಯ ಕಲ್ಲನ್ನು ಇನ್ನೊಮ್ಮೆ ನೋಡಿದಿರಾ, ಸ್ವಾಮಿ?” ಎಂದು ವಿನಯದಿಂದ ಕೇಳಿದರೆ ಸಾಕು. ಬಲ್ಲವರು ಆ ಪ್ರಶ್ನೆಗೆ ಸಂತೋಷಪಡುವರು.