ಚರಗ ಚೆಲ್ಲುವ ದಿನ

ಸುಖವನ್ನು ನಾವು ಸಾಮಾನ್ಯವಾಗಿ ಫಲಪ್ರಾಪ್ತಿಯ ಆಚೆಗಿಟ್ಟು ಕಾಯುತ್ತೇವೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ, ಉದ್ಯೋಗ ಕಾಯಮಾದ ಮೇಲೆ, ಮನೆ ಕಟ್ಟಿ ಮಕ್ಕಳ ಮದುವೆಗಳನ್ನು ಮುಗಿಸಿದ ಮೇಲೆ ನೆಮ್ಮದಿಯಾಗಿ ಕುಳಿತುಕೊಳ್ಳಬಹುದೆಂದು ಬಗೆದು, ಒಂದು ಫಲವು ಕೈಗೆ ಬಂದ ಮರುದಿನವೇ ಇನ್ನೊಂದರ ಚಿಂತೆಯನ್ನು ತಲೆಯ ಮೇಲೆ ಹೊತ್ತುಕೊಂಡು, ಆಯುಷ್ಯದ ಬಹುಭಾಗವನ್ನು ನಿರೀಕ್ಷೆಯಲ್ಲಿಯೇ ವ್ಯಯಮಾಡುತ್ತೇವೆ. ನಾನೂ ಬಹುಕಾಲ ಹಾಗೆಯೇ ಬಾಳಿದವನು. ಇದಕ್ಕೆ ಪ್ರತಿಯಾದ ಬಾಳುವೆಯೊಂದುಂಟೆಂಬುದನ್ನು ನನಗೆ ತೋರಿಸಿಕೊಟ್ಟದ್ದು ವಿಜಯಪುರದ ಸೀಮೆಯ ಎಳ್ಳಮಾವಾಸ್ಯೆ.

ಮಾರ್ಗಶಿರ ಮಾಸದ ಈ ಅಮಾವಾಸ್ಯೆಯಂದು ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಚಕ್ಕಡಿಗಳಲ್ಲಿ ಹೆಂಗಸರು, ಮಕ್ಕಳು, ಬುತ್ತಿಯ ಬುಟ್ಟಿಗಳು. ಬುಟ್ಟಿಗಳಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ. ಹೊಲದಲ್ಲಿ ಹಿಂಗಾರಿ ಜೋಳ ಎದೆಯೆತ್ತರಕ್ಕೆ ನಿಂತಿರುತ್ತದೆ, ಪಕ್ಕದಲ್ಲಿ ಕಡಲೆ, ಕುಸುಬೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ತಂದ ಅಡುಗೆಯ ಎಲ್ಲದರಲ್ಲಿಯೂ ಒಂದಿಷ್ಟು ತೆಗೆದು ಕಲಸಿ, ಮನೆಯ ಹಿರಿಯನು ಹೊಲದ ನಾಲ್ಕೂ ದಿಕ್ಕಿಗೆ ಅದನ್ನು ಎರಚುತ್ತ ನಡೆಯುತ್ತಾನೆ. ಇದೇ ಚರಗ. ಪೈರು ಹೊತ್ತ ಭೂಮಿ ಬಸುರಿ. ಆಕೆಯ ಬಯಕೆಯನ್ನು ತೀರಿಸುವ ಊಟ ಇದೆಂಬುದು ಆ ಜನರ ಭಾವನೆ. ಮಲೆನಾಡಿನವರು ಆಶ್ವಯುಜದ ಭೂಮಿಹುಣ್ಣಿಮೆಯಂದು ಬತ್ತದ ಗದ್ದೆಗೆ ಬಡಿಸುವುದೂ ಇದೇ ಭಾವದಿಂದ.

ನನ್ನನ್ನು ಬಹಳವಾಗಿ ಕಾಡಿದ ಸಂಗತಿಯೆಂದರೆ, ಈ ಕೃತಜ್ಞತೆ ಸಲ್ಲುವ ಕಾಲ. ರಾಶಿಯಾದ ಮೇಲೆ, ಕಣಜ ತುಂಬಿದ ಮೇಲೆ ಭೂಮಿಯನ್ನು ನೆನೆಯುವುದು ಸಹಜ, ಸುಲಭ. ಇಲ್ಲಿಯಾದರೋ ಇನ್ನೂ ತೆನೆ ಬಲಿತಿಲ್ಲ. ಹಕ್ಕಿ, ಹುಳು, ರೋಗಗಳ ಭಯ ಕಳೆದಿಲ್ಲ. ಮಾರುಕಟ್ಟೆಯ ಧಾರಣೆಯಂತೂ ಯಾರ ಅಂಕೆಯಲ್ಲಿಯೂ ಇಲ್ಲ. ಮಳೆ ತಪ್ಪಿ ಪೈರು ಮೊಳಕಾಲಿನಷ್ಟಕ್ಕೇ ನಿಂತುಬಿಟ್ಟಿದ್ದ ಒಂದು ವರ್ಷವೂ ಅವರು ಚರಗ ಚೆಲ್ಲಿದ್ದನ್ನು ಕಂಡು, ಹೊಲದೊಡೆಯರಾದ ವೃದ್ಧರೊಬ್ಬರನ್ನು, "ಅಜ್ಜಾ, ಈ ಸಾರಿಯೂ ಏಕೆ?" ಎಂದು ಕೇಳಿದೆನು. "ಬೆಳಿ ಬರೂದು ಬಿಡೂದು ಶಿವನ ಕೈಯಾಗೈತಿ, ತಮ್ಮಾ. ಬಸುರಿ ಹಸದು ಕುಂಡರಬಾರದು" ಎಂದು ಹೇಳಿ, ಅವರು ನನ್ನ ಕೈಗೂ ಒಂದು ಹಿಡಿ ಚರಗವನ್ನು ಹಾಕಿದರು. ಆ ಮುಖದಲ್ಲಿದ್ದ ಪ್ರಸನ್ನತೆಯನ್ನು ಸಂಪತ್ತುಳ್ಳವರ ಮನೆಗಳಲ್ಲಿ ನಾನು ಅಪರೂಪವಾಗಿ ಕಂಡಿದ್ದೇನೆ.

ತೈತ್ತಿರೀಯ ಉಪನಿಷತ್ತಿನ ಆನಂದಮೀಮಾಂಸೆ ಆಗ ನೆನಪಿಗೆ ಬಂದಿತು. ದೃಢಕಾಯನೂ ವಿದ್ಯಾವಂತನೂ ಆದ ಯುವಕನೊಬ್ಬನಿಗೆ ವಿತ್ತಪೂರ್ಣವಾದ ಪೃಥ್ವಿಯೆಲ್ಲವೂ ಲಭಿಸಿದರೆ ಅದು ಮಾನುಷಾನಂದದ ಒಂದು ಮಾನವೆಂದು ಎಣಿಸಿ, ಅಲ್ಲಿಂದ ಗಂಧರ್ವರು, ಪಿತೃಗಳು, ದೇವತೆಗಳು ಎಂದು ಒಂದೊಂದು ಮೆಟ್ಟಿಲಿಗೂ ನೂರು ಪಟ್ಟು ಏರಿಸುತ್ತ ಹೋಗುವ ಋಷಿಯು, ಗಂಧರ್ವರಿಂದ ಮೊದಲ್ಗೊಂಡು ಮೆಟ್ಟಿಲು ಮೆಟ್ಟಿಲಿಗೂ, ಕಾಮದಿಂದ ಹತನಾಗದ ಶ್ರೋತ್ರಿಯನಿಗೆ ಆ ಆನಂದವು ದೊರೆತೇ ಇದೆಯೆಂದು ಸೇರಿಸುತ್ತಾನೆ. ಆ ಅಜ್ಜನವರು ವೇದವನ್ನೋದಿದವರಲ್ಲ. ಫಲದ ಬಯಕೆ ಅವರಿಗಿರಲಿಲ್ಲವೆಂದೂ ನಾನು ಹೇಳಲಾರೆ. ಬಯಕೆಯಿದ್ದಿತು, ಅದು ಅವರನ್ನು ಹೊಡೆದು ಕೆಡವಿರಲಿಲ್ಲ.

ಈ ಮನೋಧರ್ಮವು ಒಂದು ದಿನದ ಹಬ್ಬದಿಂದ ಬರುವಂಥದಲ್ಲ. ಎರೆಭೂಮಿಯ ಬೇಸಾಯವನ್ನು ಬಲ್ಲವರಿಗೆ ಇದು ಗೊತ್ತು. ಹಿಂಗಾರಿ ಜೋಳವನ್ನು ಬಿತ್ತಿದ ಸ್ವಲ್ಪ ಕಾಲದಲ್ಲಿಯೇ ಮಳೆ ನಿಂತುಹೋಗುತ್ತದೆ. ಮುಂದಿನ ತಿಂಗಳುಗಳೆಲ್ಲ ಪೈರು ಬಹುಮಟ್ಟಿಗೆ ಬದುಕುವುದು ಕಪ್ಪು ಮಣ್ಣು ತನ್ನ ಆಳದಲ್ಲಿ ಹಿಡಿದಿಟ್ಟುಕೊಂಡ ತೇವದಿಂದ. ಚಳಿಗಾಲದಲ್ಲಿ ನೆಲ ಬಿರಿದು ಆ ತೇವ ಹಾರಿಹೋಗದಂತೆ ರೈತನು ಮತ್ತೆ ಮತ್ತೆ ಎಡೆ ಹೊಡೆದು ಬಿರುಕುಗಳನ್ನು ಮುಚ್ಚುತ್ತಾನೆ. ಹಸಿ ಹೆಚ್ಚಾಗಿದ್ದಾಗ ಆ ಮಣ್ಣಿಗೆ ಇಳಿಯುವಂತಿಲ್ಲ. ಆರಿ ಕಲ್ಲಾದ ಮೇಲೆ ಕುಂಟೆ ನಾಟುವುದಿಲ್ಲ. ಹದವನ್ನು ಕಾದು ದುಡಿಯಬೇಕು. ಮನುಷ್ಯನ ಅಂತರಂಗದ ಬೆಳವಣಿಗೆಯೂ ಇಂಥದೇ ಬೇಸಾಯವೆಂದು ನಾನು ನಂಬಿದ್ದೇನೆ. ಅನುಕೂಲ ಕಾಲದಲ್ಲಿ ಓದು, ಸ್ನೇಹ, ಸಂಗೀತ, ದೈವಚಿಂತನೆಗಳಿಂದ ಒಳಕ್ಕೆ ಇಳಿದದ್ದಷ್ಟೇ ಮಳೆಯಿಲ್ಲದ ದಿನಗಳಲ್ಲಿ ನಮ್ಮನ್ನು ಪೋಷಿಸುತ್ತದೆ. ಅದು ಸೋರಿಹೋಗದಂತೆ ಕಾಯುವ ಉಪಾಯವಾಗಿಯೇ ಗೀತೆಯ 6ನೆಯ ಅಧ್ಯಾಯವು ಆಹಾರ, ವಿಹಾರ, ನಿದ್ರೆ, ಎಚ್ಚರಗಳಲ್ಲಿ ಮಿತವನ್ನು ವಿಧಿಸಿದೆ.

ಚರಗವಾದ ಮೇಲೆ ಹೊಲದಲ್ಲಿಯೇ ಸಹಪಂಕ್ತಿಯ ಊಟ. ಹೊಲವಿಲ್ಲದವರನ್ನು ಅಂದು ಹೊಲವುಳ್ಳವರು ಕರೆದುಕೊಂಡು ಹೋಗುತ್ತಾರೆ. ಕರೆಯುವುದಕ್ಕೆ ಬಂಧುತ್ವ ಬೇಕಾಗಿಲ್ಲ, ಪರಿಚಯವಿದ್ದರೆ ಸಾಕು. ವಾಚಕಮಹಾಶಯರೇ, ಆ ಸೀಮೆಯಲ್ಲಿ ನಿಮಗೆ ಸ್ನೇಹಿತರಿದ್ದು ಮುಂದಿನ ಎಳ್ಳಮಾವಾಸ್ಯೆಗೆ ಕರೆ ಬಂದರೆ, ಎಂಥ ಕೆಲಸವಿದ್ದರೂ ಬದಿಗಿಟ್ಟು ಹೋಗಿಬನ್ನಿ; ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರ ಕೈಯಿಂದಲೂ ಒಂದು ಹಿಡಿ ಚರಗ ಚೆಲ್ಲಿಸಿ.