ತೆಂಗಿನ ಬುಡದಲ್ಲಿ ಅಣಬೆ ಕಂಡರೆ ಏನು ಮಾಡಬೇಕು?

ಮಳೆಗಾಲ ಬಂತೆಂದರೆ ಪತ್ರಿಕೆಗೆ ಸುದ್ದಿ ಕಳಿಸುವ ನಮ್ಮಂಥವರ ವಾಟ್ಸಾಪ್‌ಗೆ ಅಣಬೆ ಫೋಟೋಗಳು ಬರುತ್ತವೆ. "ಸರ್, ಇದ್ಯಾವ್ದು? ತಿನ್ಬೋದಾ?" ಎಂಬುದೇ ಎಲ್ಲರ ಪ್ರಶ್ನೆ. ನಾವು ತಜ್ಞರಲ್ಲ. ಆದರೂ ತಿಪಟೂರು, ಅರಸೀಕೆರೆ ಕಡೆಯ ತೋಟಗಳಲ್ಲಿ ಓಡಾಡಿ ಒಂದಷ್ಟು ಕಲಿತಿದ್ದೇವೆ.

ಮರದ ಮೇಲಿನ ಅಣಬೆಯನ್ನು ಮೇಲಿಂದ ನೋಡಿದರೆ ಸಾಲದು, ಅಡಿಭಾಗ ನೋಡಬೇಕು. ಪುಸ್ತಕದ ಹಾಳೆಯಂಥ ಪದರಗಳಿವೆಯೋ, ಸೂಜಿಯಿಂದ ಚುಚ್ಚಿದಂಥ ತೂತುಗಳಿವೆಯೋ? ಸತ್ತ ಮರದಲ್ಲಿ ಗೊಂಚಲಾಗಿ ಏಳುವ ಮೆತ್ತನೆಯ ಚಿಪ್ಪಣಬೆಗೆ ಪದರಗಳಿರುತ್ತವೆ. ಅದನ್ನು ಹೋಲುವ ಬೇರೆಯವೂ ಇವೆ. ಹಾಗಾಗಿ ಫೋಟೋ ನೋಡಿ "ತಿನ್ನಿ" ಎಂದು ನಾವು ಯಾರಿಗೂ ಹೇಳುವುದಿಲ್ಲ. ಮೊಬೈಲ್ ಆ್ಯಪ್ ಹೇಳಿದರೂ ನೀವು ನಂಬಬೇಡಿ.

ತೂತಿರುವ ಜಾತಿಗಳಲ್ಲಿ ಒಂದನ್ನು ಮಾತ್ರ ತೆಂಗು, ಅಡಿಕೆ ಬೆಳೆಯುವವರೆಲ್ಲ ಗುರುತಿಸಲೇಬೇಕು. ಅದು ಅಣಬೆ ರೋಗ ತರುವ ಗ್ಯಾನೋಡರ್ಮ. ಬುಡಕ್ಕೆ ಅರ್ಧ ತಟ್ಟೆಯಂತೆ ಅಂಟಿಕೊಂಡಿರುತ್ತದೆ. ಮೇಲೆ ವಾರ್ನಿಷ್ ಬಳಿದಂಥ ಕೆಂಗಂದು ಬಣ್ಣ. ಬೆಳೆಯುತ್ತಿರುವಾಗ ಅಂಚು ಬೆಳ್ಳಗೆ. ಬಲಿತರೆ ಕಟ್ಟಿಗೆಯಷ್ಟು ಗಟ್ಟಿ. ಸುತ್ತಮುತ್ತ ಕಂದು ಪುಡಿ ಉದುರಿದ್ದರೆ ಅದೇ ಅದರ ಬೀಜಕಣ.

ನಮಗೆ ಗೊತ್ತಿರುವ ರೈತರೊಬ್ಬರು ಇಂಥ ಅಣಬೆಯನ್ನು ಮಚ್ಚಿನಿಂದ ಕೆತ್ತಿ ಎಸೆದು, "ಪೀಡೆ ಹೋಯ್ತು ಬಿಡಿ" ಅಂದರು. ಮುಂದೆ ಆ ಮರವೂ ಹೋಯಿತು, ಅದೇ ಸಾಲಿನ ಇನ್ನೊಂದರ ಗರಿಗಳೂ ಜೋತುಬಿದ್ದವು. ಬುಡದಲ್ಲಿ ಕಾಣುವುದು ಮೇಲಿನ ಗುರುತಷ್ಟೇ. ರೋಗ ಬೇರಿನಲ್ಲೂ ಕಾಂಡದೊಳಗೂ ಹರಡಿರುತ್ತದೆ.

ಅಣಬೆ ಏಳುವ ಹೊತ್ತಿಗೆ ಆ ಮರ ಉಳಿಯುವುದು ಕಷ್ಟ. ಪಕ್ಕದ ಮರಗಳನ್ನು ಉಳಿಸಿಕೊಳ್ಳಬಹುದು. ರೋಗದ ಮರದ ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಂದಕ ತೆಗೆದು ಬೇರಿನ ನಂಟು ಕಡಿಯಿರಿ. ಅದರ ಬುಡದ ನೀರು ಬೇರೆ ಮರಗಳಿಗೆ ಹರಿಯದಂತೆ ನೋಡಿಕೊಳ್ಳಿ. ಸತ್ತ ಮರದ ಬೊಡ್ಡೆ, ಬೇರು ಕಿತ್ತು ಸುಡಿ. ಉಳಿದ ಮರಗಳಿಗೆ ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮ ಕೊಡಿ. ಎಷ್ಟು ಕೊಡಬೇಕೆಂದು ತೋಟಗಾರಿಕೆ ಇಲಾಖೆಯವರನ್ನು ಕೇಳಿ.

ಅಣಬೆ ಏಳಲಿ ಎಂದು ಕಾಯುವುದೂ ಬೇಡ. ಅದಕ್ಕೂ ಮುಂಚೆಯೇ ಬುಡದ ಕಾಂಡದಿಂದ ಕೆಂಗಂದು ರಸ ಸೋರುವುದುಂಟು, ಹೊರಗಿನ ಗರಿಗಳು ಹಳದಿಯಾಗಿ ಜೋಲುವುದುಂಟು. ನಾಟಿ ತೆಂಗಿನ ಸಸಿ ನೆಟ್ಟರೆ ಫಲ ಕೊಡಲು ಆರೇಳು ವರ್ಷ ಬೇಕು. ಕಾಯಿ ಕೀಳಿಸುವ ದಿನ ಹೇಗೂ ತಲೆಯೆತ್ತಿ ಗೊನೆ ನೋಡುತ್ತೀರಿ. ಅವತ್ತೇ ಒಮ್ಮೆ ಬಗ್ಗಿ ಬುಡವನ್ನೂ ನೋಡಿಬಿಡಿ.