ಕಪಾಟಿನ ಬಾಕಿ

ಮೂವತ್ತು ವರ್ಷ ಲಾಭ-ನಷ್ಟದ ಲೆಕ್ಕ ಕಲಿಸಿದ ನಾವು ಒಂದು ಉಕ್ಕಿನ ಕಪಾಟಿನ ಲೆಕ್ಕದಲ್ಲಿ ತಪ್ಪಿದ ಸಂಗತಿಯನ್ನು ಓದುಗರಲ್ಲಿ ಅರಿಕೆ ಮಾಡಿಕೊಳ್ಳಬೇಕಾಗಿದೆ.

ಕಾಸರಗೋಡಿನ ಪೇಟೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿಯಿದೆ. ಶಾಲೆಯ ಪುಸ್ತಕಗಳಿಗೆ ಗೆದ್ದಲು ಹಿಡಿದಾಗ ಅವನಲ್ಲಿ ಒಂದು ಕಪಾಟಿಗೆ ಹೇಳಿದೆವು. ಹಣ ರಕ್ಷಕ-ಶಿಕ್ಷಕ ಸಂಘದಿಂದ ಬರಬೇಕಾಗಿತ್ತು. "ನಿಧಾನಕ್ಕೆ ಕೊಡಿ ಮಾಷ್ಟ್ರೇ" ಎಂದ. ನಾವು ಆ ನಿಧಾನವನ್ನೇ ನೆಚ್ಚಿ ಕುಳಿತೆವು. ಏಳು ತಿಂಗಳು ಕಳೆದವು.

ಒಂದು ಸಂಜೆ ಅಂಗಡಿಗೆ ಹೋದಾಗ ಅವನ ಮುಖ ಬಾಡಿತ್ತು. ಬಲವಂತ ಮಾಡಿದ ಮೇಲೆ ಬಿಲ್ಲುಗಳನ್ನು ಮುಂದಿಟ್ಟ. ಕಪಾಟು ಮಂಗಳೂರಿನಿಂದ ತರಿಸಿದ್ದು. ಬೆಲೆ 10,000 ರೂಪಾಯಿ. ಬಿಲ್ಲಿನಲ್ಲೇ ತೋರಿಸಿದ ಸೋಡಿ 500 ಕಳೆದು, ಮಾರಿದವರೇ ಹಾಕಿದ ಲಾರಿ ಬಾಡಿಗೆ 500 ಕೂಡಿಸಬೇಕು. (ಬಾಡಿಗೆಗೂ ತೆರಿಗೆಯೇ ಎಂದು ನಾವು ಹುಬ್ಬೇರಿಸಿದೆವು. 2017ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 15ನೆಯ ವಿಧಿಯಂತೆ ಅದೂ ಸರಕಿನ ಮೌಲ್ಯದೊಳಗೇ ಸೇರುತ್ತದೆ.) ಶೇಕಡಾ 18ರಂತೆ ತೆರಿಗೆ 1,800, ರಾಜ್ಯದ ಗಡಿ ದಾಟಿದ ಸರಕಾದ್ದರಿಂದ ಏಕೀಕೃತ ತೆರಿಗೆ. ನಮಗೆ 12,000ಕ್ಕೆ ಮಾರಿದಾಗ 2,160; ಅರ್ಧ ಕೇಂದ್ರಕ್ಕೆ, ಅರ್ಧ ಕೇರಳಕ್ಕೆ. ಮಂಗಳೂರಿನ ಬಿಲ್ಲಿನ 1,800 ಅವನಿಗೆ ಜಮೆ. ವ್ಯಾಪಾರಿಗಳು ಇನ್‌ಪುಟ್ ಕ್ರೆಡಿಟ್ ಎನ್ನುವುದು ಇದನ್ನೇ. ಉಳಿದ 360ನ್ನು ಅವನು ಸಕಾಲದಲ್ಲಿ ಕಟ್ಟಿದ್ದ. ಮರುಮಾರಾಟ ಮಾಡದ ಶಾಲೆಗೆ ಯಾವ ಜಮೆಯೂ ಇಲ್ಲ. ಪೂರ್ತಿ ತೆರಿಗೆ ನಮ್ಮದೇ ಹೊರೆ. ಆ ಹೊರೆಯನ್ನು ನಾವು ಅವನ ತಲೆಯ ಮೇಲೆಯೇ ಬಿಟ್ಟಿದ್ದೆವು.

ಬಿಲ್ಲಿನ ತಾರೀಕಿನಿಂದ 180 ದಿನಗಳೊಳಗೆ ಸರಕು ಕೊಟ್ಟವರಿಗೆ ತೆರಿಗೆಸಹಿತ ಹಣ ಸಲ್ಲಿಸದಿದ್ದರೆ, ಪಡೆದ ಜಮೆಯನ್ನು ಬಡ್ಡಿಯೊಡನೆ ಹಿಂದಿರುಗಿಸಬೇಕು. ನಮ್ಮ ಹಣವನ್ನು ನಂಬಿದ್ದ ಅವನು ಮಂಗಳೂರಿಗೆ ಸಲ್ಲಿಸಿರಲಿಲ್ಲ. ನಮ್ಮಿಂದ ಬಿಡಿಗಾಸು ಬಾರದೆಯೇ ಆ 1,800ನ್ನೂ ಸರಕಾರಕ್ಕೆ ಕಟ್ಟಿದ್ದ. ಮಂಗಳೂರಿನ ಬಾಕಿ ತೀರಿಸಿದರೆ ಜಮೆ ಮರಳಿ ಸಿಕ್ಕೀತು. ಬಡ್ಡಿ ಹೋದದ್ದು ಹೋದಂತೆಯೇ.

"ಒಂದು ಮಾತು ಹೇಳಬಾರದಿತ್ತೇನಪ್ಪ?" ಎಂದೆವು.

"ಮಾಷ್ಟ್ರ ಹತ್ತಿರ ಬಾಕಿ ಕೇಳುವುದು ಹೇಗೆ?" ಎಂದ.

ಬಡ್ಡಿಯ ಲೆಕ್ಕ ತಪ್ಪಿದನೆಂದು ಇದೇ ಹುಡುಗನನ್ನು ಏಳನೆಯ ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಾಯಿತು.

ಮರುದಿನ ನಮ್ಮ ಸಂಬಳದ ಖಾತೆಯಿಂದ 14,160 ತೆಗೆದು ಕೊಟ್ಟೆವು. ಬಡ್ಡಿಯ ಹಣವನ್ನು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲಿಟ್ಟು ಬಂದೆವು. ಎರಡು ದಿನ ಕಳೆದು ಅದು ಲಕೋಟೆಯಲ್ಲಿ ಶಾಲೆಗೆ ಹಿಂದಿರುಗಿತು, ಮೇಲೆ 'ಪುಸ್ತಕಕ್ಕೆ' ಎಂಬ ಬರೆಹ. ಅಕ್ಷರ ಈಗಲೂ ಅಷ್ಟೇ ಸೊಟ್ಟ.

ಸಂಘದ ಹಣ ಇನ್ನೂ ಬಂದಿಲ್ಲ.